ಚಿನ್ನಸ್ವಾಮಿ ಮೈದಾನಕ್ಕೆ ಬಿದ್ದ ಅಂಕಗಳು

2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ–ಶ್ರೀಲಂಕಾ ಟೆಸ್ಟ್ ಮೂರೇ ದಿನಕ್ಕೆ ಮುಗಿಯಿತು. ಮೊದಲ ದಿನದಿಂದಲೇ ಚೆಂಡು ಸಿಕ್ಕಾಪಟ್ಟೆ ತಿರುಗಿದ ಆ ಪಿಚ್ಚಿಗೆ ‘ಸರಾಸರಿಗಿಂತ ಕಡಿಮೆ’ ಎಂದು ಷರಾ ಬರೆದ ಮ್ಯಾಚ್ ರೆಫ್ರಿ ಜಾವಗಲ್ ಶ್ರೀನಾಥ್. ಮೈಸೂರಿನವರು, ಕರ್ನಾಟಕದ ವೇಗಿ, ಹಿಂದೊಮ್ಮೆ ಈ ಮೈದಾನ ನಡೆಸುವ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ. ತವರೆಂದು ರಿಯಾಯಿತಿ ಕೊಡಲಿಲ್ಲ. ಮೈದಾನದ ಲೆಕ್ಕಕ್ಕೆ ಒಂದು ಡಿಮೆರಿಟ್ ಅಂಕ ಬಿತ್ತು. ಆ ನಿಷ್ಠುರತೆಗೆ ಗೌರವ ಸಲ್ಲಬೇಕು.

ಡಿಮೆರಿಟ್ ಪದ್ಧತಿ ಬಂದದ್ದು 2018ರಲ್ಲಿ. 1987ರ ಮಾರ್ಚ್‌ನಲ್ಲೇ ಇದ್ದಿದ್ದರೆ? ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಉರುಳಿಸಿದ್ದು ಇಲ್ಲೇ. ಅದೇ ತಿರುಗುವ ಪಿಚ್ಚಿನಲ್ಲಿ ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 96 ಹೊಡೆದರು. ಭಾರತ 16 ರನ್ನಿನಿಂದ ಸೋತಿತು. ಇಂದಿನ ಅಳತೆಗೋಲಿನಲ್ಲಿ ಆ ಪಿಚ್ ಪಾಸಾಗುವುದು ಕಷ್ಟ. ಆದರೆ ಈ ಅಂಗಳ ಕಂಡ ಶ್ರೇಷ್ಠ ಬ್ಯಾಟಿಂಗ್ ಯಾವುದೆಂದರೆ ಆ 96ನ್ನೇ ಮೊದಲು ಹೇಳಬೇಕು.

1970ರಲ್ಲಿ ಕೆಲಸ ಶುರುವಾದ ಕ್ರೀಡಾಂಗಣ ಇದು. 1974ರ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕ ಇಲ್ಲಿ ಬಾಂಬೆಯನ್ನು ಮಣಿಸಿ, ಸತತ 15 ವರ್ಷ ಟ್ರೋಫಿ ಬಿಡದಿದ್ದ ತಂಡದ ಓಟಕ್ಕೆ ತಡೆ ಹಾಕಿತು. ಅದೇ ವರ್ಷದ ನವೆಂಬರ್‌ನಲ್ಲಿ ಇಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ಪದಾರ್ಪಣೆ ಮಾಡಿದ ವಿವಿಯನ್ ರಿಚರ್ಡ್ಸ್ ಗಳಿಸಿದ್ದು 4 ಮತ್ತು 3. ಎರಡು ಸಲವೂ ಔಟ್ ಮಾಡಿದವರು ನಮ್ಮ ಚಂದ್ರಶೇಖರ್.

2015ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್‌ನ ನಾಲ್ಕು ದಿನ ಮಳೆಗೆ ಹೋದವು. ಆಮೇಲೆ ಹುಲ್ಲಿನಡಿ ಮರಳು, ಕೊಳವೆಗಳನ್ನು ಹಾಕಿ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಬಂತು. ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗುವಂತಾಯಿತು.

ರೆಫ್ರಿಯ ಅಂಕ ಪಿಚ್ಚಿಗೆ, ಔಟ್‌ಫೀಲ್ಡಿಗೆ ಮಾತ್ರ; ಪ್ರೇಕ್ಷಕರು ಅಂಕ ಕೊಡುವುದು ಇಡೀ ಮೈದಾನಕ್ಕೆ. ಅಮೆರಿಕದಲ್ಲಿ ಮೇಜರ್ ಲೀಗಿನ 30 ತಂಡಗಳ ಬೇಸ್‌ಬಾಲ್ ಮೈದಾನಗಳನ್ನು ಸುತ್ತುವ ಅಭಿಮಾನಿಗಳು ಸೀಟು, ಊಟ, ದಾರಿ ಎಲ್ಲವನ್ನೂ ತೂಗುತ್ತಾರೆ. ವಿಜಯನಗರ, ಕೆಂಗೇರಿಯ ಪ್ರೇಕ್ಷಕರೂ ಹಾಗೆಯೇ. 2016ರಲ್ಲಿ ಮೆಜೆಸ್ಟಿಕ್ ದಾಟುವ ಸುರಂಗ ತೆರೆದಮೇಲೆ ವಿಜಯನಗರದವರು, 2021ರಲ್ಲಿ ನೇರಳೆ ಮಾರ್ಗ ಬೆಳೆದಮೇಲೆ ಕೆಂಗೇರಿಯವರು, ಒಂದೇ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬಂದಿಳಿಯತೊಡಗಿದರು. ದಾರಿಗೆ ಪೂರ್ಣಾಂಕ.

ಗೇಟಿನ ಅಂಕ ಮಾತ್ರ ದಾರುಣ. 2025ರ ಜೂನ್ 4ರಂದು, ಆರ್‌ಸಿಬಿ ಮೊದಲ ಐಪಿಎಲ್ ಕಪ್ ಗೆದ್ದ ಮರುದಿನ, ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು. ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಈ ಕ್ರೀಡಾಂಗಣ ಭಾರಿ ಜನಸಂದಣಿಗೆ ಸುರಕ್ಷಿತವಲ್ಲ ಎಂದಿತು. ಆ ವರ್ಷ ಇಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆ ಊರುಗಳ ಪಾಲಾದವು.