ಇಂಗ್ಲಿಷ್ ಮೇಷ್ಟ್ರ ಸರ್ಟಿಫಿಕೇಟಿನ ಕಥೆ

1904ರ ಕೊನೆಗೆ ಇಪ್ಪತ್ತೆರಡು ವರ್ಷದ ಐರಿಷ್ ತರುಣನೊಬ್ಬ ಪೋಲಾ ಎಂಬ ಊರಿಗೆ ಬಂದಿಳಿದ. ಅದು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ನೌಕಾನೆಲೆ. ಅಲ್ಲಿನ ಬರ್ಲಿಟ್ಸ್ ಶಾಲೆಯಲ್ಲಿ ನೌಕಾಧಿಕಾರಿಗಳಿಗೆ ಇಂಗ್ಲಿಷ್ ಪಾಠ ಹೇಳುವುದು ಅವನ ಕೆಲಸ. ಡಬ್ಲಿನ್ನಿನಲ್ಲಿ ಪದವಿ ಮುಗಿಸಿದ್ದನೇ ಹೊರತು ಪಾಠ ಹೇಳುವುದನ್ನು ಯಾರಿಂದಲೂ ಕಲಿತಿರಲಿಲ್ಲ. ಆ ತರುಣನೇ ಮುಂದೆ ಲೋಕಪ್ರಸಿದ್ಧನಾದ ಕಾದಂಬರಿಕಾರ ಜೇಮ್ಸ್ ಜಾಯ್ಸ್. ಇಂಗ್ಲಿಷ್ ಮಾತಾಡುತ್ತಾ ಬೆಳೆದವನಿಗೆ ಅದನ್ನು ಕಲಿಸಲೂ ಬರುತ್ತದೆ ಎಂಬ ನಂಬಿಕೆಯ ಮೇಲೆ ಈ ಕಸುಬು ದಶಕಗಳ ಕಾಲ ನಡೆಯಿತು.

ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಜಾನ್ ಹೇಕ್ರಾಫ್ಟ್ ಪ್ರಮುಖರು. 1926ರಲ್ಲಿ ಭಾರತದಲ್ಲೇ ಹುಟ್ಟಿದವರು. ತಂದೆ ಬ್ರಿಟಿಷ್ ಭಾರತದ ಸೇನೆಯ ಅಧಿಕಾರಿ. ಜಾನ್ ಮತ್ತು ಅವರ ಪತ್ನಿ, ಸ್ವೀಡನ್ ಮೂಲದ ಬ್ರಿಟಾ, 1953ರಲ್ಲಿ ಸ್ಪೇನಿನ ಕೊರ್ಡೋಬಾದಲ್ಲಿ ಸಣ್ಣದೊಂದು ಇಂಗ್ಲಿಷ್ ಶಾಲೆ ತೆರೆದರು. 1959ರಲ್ಲಿ ಲಂಡನ್ನಿಗೆ ಬಂದು ಅಲ್ಲೂ ಶಾಲೆ ಶುರುಮಾಡಿದರು. ಅದೇ ಮುಂದೆ ‘ಇಂಟರ್‌ನ್ಯಾಷನಲ್ ಹೌಸ್’ ಎಂಬ ಹೆಸರಿನಲ್ಲಿ ಬೆಳೆಯಿತು. ಶಾಲೆಗಳು ಹೆಚ್ಚಿದಂತೆ ಮೇಷ್ಟ್ರುಗಳೂ ಬೇಕಾದರು. ಬಂದವರಿಗೆ ಭಾಷೆ ಗೊತ್ತಿತ್ತು, ತರಗತಿ ಗೊತ್ತಿರಲಿಲ್ಲ.

ಹಾಗಾಗಿ 1962ರಲ್ಲಿ ಹೇಕ್ರಾಫ್ಟ್ ದಂಪತಿ ಎರಡು ವಾರಗಳ ತರಬೇತಿಯೊಂದನ್ನು ಆರಂಭಿಸಿದರು. ಅಂದಿನ ಲೆಕ್ಕದಲ್ಲಿ ಇದು ವಿಚಿತ್ರವೇ. ಶಿಕ್ಷಕರ ತರಬೇತಿ ಎಂದರೆ ಒಂದು ವರ್ಷದ ಓದು, ಮನಶ್ಶಾಸ್ತ್ರ, ಶಿಕ್ಷಣ ತತ್ವ, ಕೊನೆಗೆ ಒಂದಿಷ್ಟು ಪಾಠಾಭ್ಯಾಸ ಎಂದಿದ್ದ ಕಾಲ. ಹೇಕ್ರಾಫ್ಟ್ ಕ್ರಮ ಇದನ್ನು ತಲೆಕೆಳಗು ಮಾಡಿತು. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಮಕ್ಕಳನ್ನು ಬಾವಿಗಿಳಿಸುವಂತೆ, ಕಲಿಯಲು ಬಂದವರನ್ನು ನಿಜವಾದ ವಿದ್ಯಾರ್ಥಿಗಳ ಮುಂದೆ ನಿಲ್ಲಿಸುವುದೇ ಅದರ ತಿರುಳು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಎಪ್ಪತ್ತರ ದಶಕದ ಕೊನೆಗೆ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಈ ಮಾದರಿಗೆ ತನ್ನ ಪ್ರಮಾಣಪತ್ರದ ಮುದ್ರೆ ಒತ್ತಿತು. 1988ರಲ್ಲಿ ಹೊಣೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಗೆ ಹೋಯಿತು. ಇಂದು ಜಗತ್ತಿನ ನಾನಾ ದೇಶಗಳಲ್ಲಿ ನಡೆಯುವ ‘ಸೆಲ್ಟಾ’ ಇದರದೇ ಮುಂದುವರಿಕೆ.

ಎರಡು ವಾರ ಈಗ ನಾಲ್ಕಾಗಿದೆ. ಬಿಡುವಿದ್ದಾಗ ಬಂದು ತಿಂಗಳುಗಟ್ಟಲೆ ಕಲಿಯುವ ಅವಕಾಶವೂ ಉಂಟು. ಒಟ್ಟು ಕನಿಷ್ಠ 120 ಗಂಟೆ. ಅದರಲ್ಲಿ ಆರು ಗಂಟೆ ಅಭ್ಯರ್ಥಿಯೇ ಪಾಠ ಮಾಡಬೇಕು, ಇನ್ನಾರು ಗಂಟೆ ಅನುಭವಿಗಳ ಪಾಠವನ್ನು ಕೂತು ನೋಡಬೇಕು. ಜತೆಗೆ ನಾಲ್ಕು ಲಿಖಿತ ಕೆಲಸಗಳು. ಆರು ಗಂಟೆ ಎಂದರೆ ಕಡಿಮೆ ಅನ್ನಿಸೀತು. ಆದರೆ ಪ್ರತಿ ಪಾಠಕ್ಕೂ ಬರೆದ ಯೋಜನೆ ಬೇಕು. ಹಿಂದಿನ ಸಾಲಿನಲ್ಲಿ ತರಬೇತುದಾರರು ಟಿಪ್ಪಣಿ ಬರೆಯುತ್ತಾ ಕೂತಿರುತ್ತಾರೆ, ಪಕ್ಕದಲ್ಲಿ ಜತೆಗಾರರು. ಪಾಠ ಮುಗಿದ ಮೇಲೆ ಎಲ್ಲರೂ ಸೇರಿ ಅದನ್ನು ಬಿಚ್ಚಿ ನೋಡುತ್ತಾರೆ: ಮೇಷ್ಟ್ರೇ ಎಷ್ಟು ಹೊತ್ತು ಮಾತಾಡಿದರು, ವಿದ್ಯಾರ್ಥಿಗಳಿಗೆ ಎಷ್ಟು ಬಾಯಿ ಬಿಡಲು ಕೊಟ್ಟರು, ‘ಅರ್ಥವಾಯಿತೇ?’ ಎಂದು ಕೇಳಿ ಮುಂದೆ ಹೋದರೇ, ಅರ್ಥವಾದದ್ದನ್ನು ಪರೀಕ್ಷಿಸುವ ಪ್ರಶ್ನೆ ಹಾಕಿದರೇ. ಹಲವು ಕೇಂದ್ರಗಳಲ್ಲಿ ಅಭ್ಯರ್ಥಿಗಳಿಗೆ ಗುರುತೇ ಇಲ್ಲದ ಭಾಷೆಯಲ್ಲಿ ಒಂದು ಪಾಠ ಮಾಡುತ್ತಾರೆ. ಒಂದಕ್ಷರವೂ ತಿಳಿಯದೆ ಬೆಂಚಿನ ಮೇಲೆ ಕೂರುವ ಸಂಕಟ ಮೇಷ್ಟ್ರಾಗುವವರಿಗೆ ಗೊತ್ತಿರಲೇಬೇಕು. ಇಡೀ ತರಬೇತಿಯಲ್ಲಿ ಅತ್ಯಂತ ಮಾನವೀಯ ಭಾಗ ಇದೇ.

ಈ ಪದ್ಧತಿಗೆ ಮಿತಿಗಳಿಲ್ಲವೆಂದಲ್ಲ. ಇದು ಬೆಳೆದದ್ದು ನಾನಾ ದೇಶಗಳ ವಯಸ್ಕರು ಕೂಡಿ ಕಲಿಯುವ ಸಣ್ಣ ತರಗತಿಗಳಲ್ಲಿ. ಅಲ್ಲಿ ಎಲ್ಲರಿಗೂ ಸಮಾನವಾದ ತಾಯ್ನುಡಿ ಇರುವುದಿಲ್ಲ. ಹಾಗಾಗಿ ತಾಯ್ನುಡಿಯನ್ನು ಹೊರಗಿಡುವ ಅಭ್ಯಾಸ ಸಲೀಸಾಗಿ ಬೇರೂರಿತು. ಐವತ್ತು ಮಕ್ಕಳು ಕೂಡಿ ಒಂದೇ ಕನ್ನಡ ಮಾತಾಡುವ ತರಗತಿಗೆ ಅದನ್ನು ಹಾಗೆಯೇ ತಂದು ಹೇರುವುದು ತಪ್ಪು.

ನಮ್ಮ ಕಡೆ ದಾರಿ ಬೇರೆಯೇ ಇತ್ತು. 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಹುಟ್ಟಿತು. ಆರಂಭದ ವರ್ಷಗಳಲ್ಲಿ ಅದನ್ನು ನಡೆಸಿದವರು ನಮ್ಮ ವಿ.ಕೃ. ಗೋಕಾಕರು. 1963ರಲ್ಲಿ ಬೆಂಗಳೂರಿಗೆ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಬಂತು. ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರೇ ಅದರ ವಿದ್ಯಾರ್ಥಿಗಳು. ಇದೇ ನೆಲದಲ್ಲಿ 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಪ್ರಯೋಗ ನಡೆಯಿತು. ವ್ಯಾಕರಣದ ನಿಯಮ ಒಪ್ಪಿಸುವ ಬದಲು ನಕ್ಷೆ ಓದುವುದು, ರೈಲಿನ ವೇಳಾಪಟ್ಟಿ ನೋಡಿ ಪ್ರಶ್ನೆಗೆ ಉತ್ತರ ಹುಡುಕುವುದು ಇಂಥ ಕೆಲಸಗಳನ್ನು ಮಕ್ಕಳ ಮುಂದಿಟ್ಟು, ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಕೂಡಿಬರುತ್ತದೆ ಎಂಬ ವಾದ ಅವರದು. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಇದನ್ನು ಭಾಷಾ ಬೋಧನೆ ಓದುವವರು ಹೊರದೇಶಗಳಲ್ಲೂ ಇಂದಿಗೂ ಓದುತ್ತಾರೆ. ನಮ್ಮ ಶಾಲೆಗಳಲ್ಲಿ ಅದರ ಹೆಸರು ಕೇಳಿದವರು ವಿರಳ.

ಲಂಡನ್ನಿನ ಆ ತರಬೇತಿಯಿಂದ ನಾವು ಪಡೆಯಬೇಕಾದದ್ದು ಪ್ರಮಾಣಪತ್ರವನ್ನಲ್ಲ. ಸೇವೆಯಲ್ಲಿರುವ ಶಿಕ್ಷಕರ ತರಬೇತಿಗಳಲ್ಲಿ ಉಪನ್ಯಾಸದ ಗಂಟೆ ಇಳಿಸಿ, ಪ್ರತಿಯೊಬ್ಬರಿಗೂ ನಿಜವಾದ ಮಕ್ಕಳ ಮುಂದೆ ಪಾಠ ಮಾಡಲು ಅವಕಾಶ ಕೊಡಲಿ. ಆ ಪಾಠವನ್ನು ಸ್ನೇಹದಿಂದ ಕೂತು ನೋಡುವ ಇನ್ನೊಬ್ಬ ಮೇಷ್ಟ್ರನ್ನೂ ಜತೆಗೆ ಕಳಿಸಲಿ. ಶಿಕ್ಷಣ ಇಲಾಖೆ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಮಾಡಿ ನೋಡಬೇಕು.