ತೆಳು ಅಟ್ಟೆಯ ಬೂಟು: ಓಡಿದವರು, ಬರೆದವರು

ಭಾನುವಾರದ ಪುರವಣಿಗಳಲ್ಲಿ ‘ಬೇರ್‌ಫುಟ್ ಶೂ’ ಕುರಿತು ಬರುವ ಬರಹಗಳಿಗೆಲ್ಲ ಒಂದೇ ಅಚ್ಚು. ಹಳ್ಳಿಯವರು ಬರಿಗಾಲಲ್ಲೇ ಓಡುತ್ತಿದ್ದರು, ಅವರಿಗೆ ನೋವೆಂಬುದೇ ಇರಲಿಲ್ಲ, ಆದ್ದರಿಂದ ಸಾವಿರಾರು ರೂಪಾಯಿ ಕೊಟ್ಟು ಈ ತೆಳು ಅಟ್ಟೆಯ ಬೂಟು ಕೊಳ್ಳಿ. ಬಸವಕಲ್ಯಾಣ, ಹುಮನಾಬಾದಿನ ಶಾಲಾ ಮೈದಾನಗಳಲ್ಲಿ ದೈಹಿಕ ಶಿಕ್ಷಕನಾಗಿ ಸೀಟಿ ಊದುತ್ತಲೇ ತಲೆ ನರೆತ ನನಗೆ ಇದನ್ನು ಓದಿದರೆ ನಗು ಬರುತ್ತದೆ. ನೆಗ್ಗಿಲು ಮುಳ್ಳು, ಕೆಂಪು ಜಂಬಿಟ್ಟಿಗೆಯ ಹರಳು, ಮೇ ತಿಂಗಳ ಡಾಂಬರು ತುಳಿದ ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ಸೇರಿ ಕೀವಾಗುವುದನ್ನು ಅದನ್ನು ಬರೆದವರು ಕಂಡಂತಿಲ್ಲ.

ಹಳೆಯ ಕಾಲವನ್ನು ಬೇಗ ದಾಟೋಣ. ಕಲ್ಯಾಣದಲ್ಲಿ ಪಾದರಕ್ಷೆಯ ಮಾತು ಹರಳಯ್ಯನಿಂದಲೇ ಶುರುವಾಗಬೇಕು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು; ಹರಳಯ್ಯನ ಗವಿ ಇಂದಿಗೂ ಊರಲ್ಲಿದೆ. ಇನ್ನು ಓಟ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದರು, 2 ಗಂಟೆ 15 ನಿಮಿಷ 16 ಸೆಕೆಂಡ್. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅದೇ ಬಿಕಿಲಾ ಬೂಟು ಹಾಕಿಕೊಂಡು ಮೂರು ನಿಮಿಷ ಬೇಗ ಮುಗಿಸಿದರು. ಈ ಎರಡನೆಯ ಸಂಗತಿಯನ್ನು ಪುರವಣಿಯವರು ಬರೆಯುವುದಿಲ್ಲ. ನಮ್ಮಲ್ಲಿ ಬರಿಗಾಲ ಓಟಕ್ಕೆ ಹೆಸರಾದ ಬಿಹಾರದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್‌ನಲ್ಲಿ 11ನೆಯವರಾದರು; 1978ರಲ್ಲಿ ಜಲಂಧರ್‌ನಲ್ಲಿ ಓಡಿದ 2 ಗಂಟೆ 12 ನಿಮಿಷ ದಶಕಗಳ ಕಾಲ ರಾಷ್ಟ್ರೀಯ ದಾಖಲೆಯಾಗಿ ನಿಂತಿತು.

ಆಮೇಲಿನದು ನಮ್ಮ ಕಾಲ, ಬಿಳಿ ಕ್ಯಾನ್ವಾಸ್ ಬೂಟಿನ ಕಾಲ. ಮೇಲೆ ಬಟ್ಟೆ, ಕೆಳಗೆ ರಬ್ಬರಿನ ತೆಳು ಅಟ್ಟೆ, ಒಳಗೆ ಮೆತ್ತೆ ಇಲ್ಲ, ಹಿಮ್ಮಡಿಗೆ ಎತ್ತರ ಇಲ್ಲ. ಸ್ವಾತಂತ್ರ್ಯ ದಿನದ ಹಿಂದಿನ ರಾತ್ರಿ ಒದ್ದೆ ಖಡು ಬಳಿದು ಒಣಗಿಸಿದರೆ ಹೊಸದಾಗುತ್ತಿತ್ತು. 2015ರಲ್ಲಿ 11 ದೇಶಗಳ 42 ತಜ್ಞರು ಸೇರಿ ತೆಳು ಬೂಟಿಗೊಂದು ಅಳತೆಗೋಲು ಮಾಡಿದರು: ತೂಕ, ಬಾಗುವ ಗುಣ, ಅಟ್ಟೆಯ ದಪ್ಪ, ಹಿಮ್ಮಡಿ–ಬೆರಳುಗಳ ಎತ್ತರದ ಅಂತರ, ಪಾದವನ್ನು ಹಿಡಿದಿಡುವ ಜೋಡಣೆಗಳು ಇಲ್ಲದಿರುವುದು. ನಮ್ಮ ಕ್ಯಾನ್ವಾಸ್ ಬೂಟು ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸು. ಅದರಲ್ಲೇ ಓಡಿ ತಾಲ್ಲೂಕು, ಜಿಲ್ಲೆ ಗೆದ್ದವರನ್ನು ಕಂಡಿದ್ದೇನೆ. ಆದರೆ ಮೀನಖಂಡ ಹಿಡಿದುಕೊಂಡು ಕೂತವರು, ಮರುವರ್ಷ ಮೈದಾನಕ್ಕೇ ಬರದವರು ಎಷ್ಟು ಮಂದಿ? ಅವರ ಲೆಕ್ಕ ಯಾರೂ ಇಡಲಿಲ್ಲ. ಗೆದ್ದವರನ್ನಷ್ಟೇ ನೋಡಿ ‘ಆಗ ನೋವಿರಲಿಲ್ಲ’ ಎನ್ನುವುದು ಅಲ್ಲಿಂದಲೇ ಹುಟ್ಟಿದ ಮಾತು.

ಈ ಕ್ಷೇತ್ರದಲ್ಲಿ ನಾನು ಹೆಚ್ಚು ಬೆಲೆ ಕೊಡುವ ಅಧ್ಯಯನ ಅಮೆರಿಕದ್ದಲ್ಲ, ಮಣಿಪಾಲದ್ದು. ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಪಾದದಚ್ಚು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ; ಹಾಕದವರಲ್ಲಿ ಶೇ 2.8. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಹೆಚ್ಚು, ಚಪ್ಪಲಿ–ಸ್ಯಾಂಡಲ್‌ನವರಲ್ಲಿ ಕಡಿಮೆ. ಆರು ವರ್ಷದೊಳಗಿನ ಕಾಲವೇ ಪಾದದ ಕಮಾನಿಗೆ ನಿರ್ಣಾಯಕ ಎಂದರು. ಚಪ್ಪಟೆ ಪಾದವಿದ್ದವರೆಲ್ಲ ಓಡುವಾಗ ಗಾಯಗೊಳ್ಳುತ್ತಾರೆ ಎಂದು ಇದರಿಂದ ತೀರ್ಮಾನಿಸಬಾರದು, ನಿಜ. ಆದರೂ ಕನ್ನಡ ನಾಡಿನಿಂದಲೇ ಬಂದ ಈ ಕೆಲಸ ಕನ್ನಡದ ಬರಹಗಳಲ್ಲಿ ಕಾಣಿಸದಿರುವುದು ನಾಚಿಕೆಗೇಡು.

ಮುಂದಿನದು ಎಲ್ಲರಿಗೂ ಗೊತ್ತಿರುವ ಭರಾಟೆ. ಬೆರಳು ಬೆರಳಾಗಿ ಬಿಡಿಸಿದ ವೈಬ್ರಮ್ ಬೂಟು, 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಪುಸ್ತಕ, 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡೇನಿಯಲ್ ಲೀಬರ್‌ಮನ್ ಪ್ರಬಂಧ. ಬರಿಗಾಲು ರೂಢಿಯಾದವರು ಹೆಚ್ಚಾಗಿ ಪಾದದ ಮುಂಭಾಗ ಊರಿ ಓಡುತ್ತಾರೆ, ನೆಲದ ಪೆಟ್ಟು ಕಡಿಮೆ ಬೀಳುತ್ತದೆ ಎಂದು ಅವರು ತೋರಿಸಿದ್ದರು. ಗಾಯ ಕಡಿಮೆ ಎಂದು ತೋರಿಸಿರಲಿಲ್ಲ; ಅದನ್ನು ಅಂಗಡಿಯವರು ಸೇರಿಸಿದರು. 2013ರಲ್ಲಿ ಎರಡು ಪೆಟ್ಟು ಒಟ್ಟಿಗೇ ಬಿದ್ದವು. ಉತ್ತರ ಕೆನ್ಯಾದ ದಾಸನಾಚ್ ಜನ ಬರಿಗಾಲಿನವರೇ. ತಮಗೆ ಹಿತವಾದ ವೇಗದಲ್ಲಿ ಹೆಚ್ಚಿನವರು ಹಿಮ್ಮಡಿ ಊರಿಯೇ ಓಡಿದರು. ಇನ್ನೊಂದೆಡೆ, ಅನುಭವಿ ಓಟಗಾರರಿಗೆ 10 ವಾರ ವೈಬ್ರಮ್ ಹಾಕಿಸಿ ಎಂಆರ್‌ಐ ತೆಗೆದಾಗ ಅರ್ಧಕ್ಕೂ ಹೆಚ್ಚು ಮಂದಿಯ ಪಾದದ ಮೂಳೆಯೊಳಗೆ ಬಾವು ಕಂಡಿತು. 2014ರಲ್ಲಿ ವೈಬ್ರಮ್ ಕಂಪನಿ, ಬೂಟಿನ ಗುಣದ ಬಗ್ಗೆ ಹುಸಿ ಭರವಸೆ ಕೊಟ್ಟಿತೆಂಬ ಮೊಕದ್ದಮೆಯನ್ನು 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಮಾರುಕಟ್ಟೆ ತಕ್ಷಣ ದಪ್ಪ ಅಟ್ಟೆಗೆ ಹಾರಿತು. ಎಷ್ಟು ದಪ್ಪವೆಂದರೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿಗೆ 40 ಮಿಲಿಮೀಟರ್ ಮಿತಿ ಹಾಕಬೇಕಾಯಿತು.

ಇಷ್ಟರಲ್ಲಿ ಉಳಿದದ್ದೇನು? ನಿಧಾನವಾಗಿ ಒಗ್ಗಿಸಿಕೊಳ್ಳಿ ಎಂಬ ಪಾಠ. ನಾನು ಆ ಪಂಥದವನು. ಕೊಳ್ಳುವ ಮುನ್ನ ಸಂಜೆ ಹೊತ್ತು ಕಾಗದದ ಮೇಲೆ ಭಾರ ಬಿಟ್ಟು ನಿಂತು ಪಾದದ ಗೆರೆ ಎಳೆಸಿ. ಬೂಟಿನ ಒಳಮೆತ್ತೆ ತೆಗೆದು ಅದರ ಮೇಲಿಟ್ಟರೆ ಗೆರೆ ಹೊರಗೆ ಕಾಣಬಾರದು. ಮೊದಲ ಕೆಲವು ವಾರ ಬರೀ ನಡಿಗೆ. ನಂತರ ಹಳೆಯ ಬೂಟಿನ ಓಟದ ನಡುವೆ ದಿನ ಬಿಟ್ಟು ದಿನ ಕೆಲವೇ ನಿಮಿಷ. ಮೀನಖಂಡ ಒಂದೆರಡು ದಿನ ಬಿಗಿದರೆ ಹೆದರಬೇಡಿ. ಪಾದದ ಮೇಲ್ಭಾಗದ ಮೂಳೆಯಲ್ಲಿ ಬೆರಳಿಟ್ಟು ಒತ್ತಿದ ಒಂದೇ ಕಡೆ ನೋವಾದರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮೂಳೆಯ ಸಣ್ಣ ಸೀಳು ಆರಂಭದಲ್ಲಿ ಎಕ್ಸ್‌ರೇಗೆ ಸಿಗದಿರಬಹುದು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ಈ ಉಸಾಬರಿಗೇ ಬರಬೇಡಿ.

ಆದರೆ ಈ ಅಧ್ಯಯನಗಳಲ್ಲಿ ಹೆಚ್ಚಿನವು ಬೂಟು ಬಿಚ್ಚಹೊರಟವರ ಕುರಿತವು. ಹೆದ್ದಾರಿ 65ರ ಅಂಚಿನಲ್ಲಿ ನಸುಕಿಗೇ ಓಡುವ ನಮ್ಮ ಹುಡುಗರ ದಾರಿ ತಿರುಗಾಮುರುಗಾ. ಕಾನ್‌ಸ್ಟೆಬಲ್ ಹುದ್ದೆಗೆ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಬರಿಗಾಲು, ಹವಾಯಿ ಚಪ್ಪಲಿಯಲ್ಲಿ ಬೆಳೆದವರು ಭರ್ತಿಗೆ ತಿಂಗಳಿರುವಾಗ ಗೆಳೆಯನ ದಪ್ಪ ಬೂಟು ಕೇಳಿ ತಂದು ಓಡುತ್ತಾರೆ. ಇವರ ಮೂಳೆಗೆ ಏನಾಗುತ್ತದೆ ಎಂದು ಎಂಆರ್‌ಐ ತೆಗೆದು ನೋಡುವವರು ಬೇಕಾಗಿದ್ದಾರೆ. ಬೀದರಿನಲ್ಲಿ ವೈದ್ಯಕೀಯ ಕಾಲೇಜಿದೆ, ಓಡುವ ಹುಡುಗರಿಗಂತೂ ಬರವಿಲ್ಲ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ನಮ್ಮ ಕೈಯಲ್ಲೇ ಇದೆ. 2015–16ರಿಂದ ಸರ್ಕಾರಿ ಶಾಲೆಯ ಒಂದನೇ ತರಗತಿಯಿಂದಲೇ ಮಕ್ಕಳಿಗೆ ಕಪ್ಪು ಬೂಟು ಸಿಗುತ್ತಿದೆ. ಆರು ವರ್ಷದ ಪಾದ ಅದರೊಳಗೆ ಹೋಗುತ್ತದೆ. ಖರೀದಿಗೆ ಕೂರುವ ಎಸ್‌ಡಿಎಂಸಿ ಸದಸ್ಯರು ದರಪಟ್ಟಿ ನೋಡುವ ಮೊದಲು ಮಕ್ಕಳ ಪಾದದ ಉದ್ದದ ಜೊತೆಗೆ ಅಗಲವನ್ನೂ ಅಳೆಸಿ, ಮುಂಭಾಗ ಇಕ್ಕಟ್ಟಾದ ಬೂಟನ್ನು ವಾಪಸ್ ಕಳಿಸಿ.