ಖೋಖೋ ವಿಶ್ವಕಪ್ (2025)

ಖೋಖೋ ಆಟದ ಮೊದಲ ವಿಶ್ವಕಪ್. 2025ರ ಜನವರಿ 13ರಿಂದ 19ರವರೆಗೆ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಎರಡೂ ವಿಭಾಗಗಳ ಫೈನಲ್‌ನಲ್ಲಿ ಭಾರತಕ್ಕೆ ನೇಪಾಳವೇ ಎದುರಾಳಿ. ಪುರುಷರು 54–36ರಿಂದ, ಮಹಿಳೆಯರು 78–40ರಿಂದ ಗೆದ್ದರು. ಪ್ರತೀಕ್ ವಾಯ್ಕರ್ ಮತ್ತು ಪ್ರಿಯಾಂಕಾ ಇಂಗ್ಳೆ ನಾಯಕರಾಗಿದ್ದರು.

ಪುರುಷರ ತಂಡದಲ್ಲಿದ್ದ ಕನ್ನಡಿಗ ಎಂ.ಕೆ. ಗೌತಮ್. ಮಹಿಳಾ ತಂಡದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಮ್ಯಾಟ್ ಮೇಲಿನ ಈ ಆಟದಲ್ಲಿ ಮೂವರು ಓಟಗಾರರ ತಂಡ ನಿಗದಿತ ಸಮಯ ಮೀರಿ ಔಟಾಗದೆ ಉಳಿದರೆ ‘ಡ್ರೀಮ್ ರನ್’ ಅಂಕ ಸಿಗುತ್ತದೆ. ಫೈನಲ್‌ನ ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ತಂಡ ಐದು ನಿಮಿಷಕ್ಕೂ ಮಿಕ್ಕಿ ಕೈಗೆ ಸಿಗಲಿಲ್ಲ. ಕಂಬ ಸುತ್ತಿ, ಕೂತವರ ಸಾಲಿನ ನಡುವೆ ನುಸುಳಿ, ಬೆನ್ನಟ್ಟುವವರ ದಿಕ್ಕು ತಪ್ಪಿಸುವ ಆ ಓಟ ಟೂರ್ನಿಯ ಅತ್ಯುತ್ತಮ ರಕ್ಷಣೆಗಳಲ್ಲಿ ಒಂದೆನ್ನಲು ಅಡ್ಡಿಯಿಲ್ಲ. ಫೈನಲ್‌ನ ಶ್ರೇಷ್ಠ ಆಟಗಾರ್ತಿ ಗೌರವವೂ ಅವರಿಗೇ ಸಂದಿತು.

ಕರ್ನಾಟಕ ಸರ್ಕಾರ ಗೌತಮ್ ಮತ್ತು ಚೈತ್ರಾ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಪ್ರಕಟಿಸಿದ್ದನ್ನು ಎತ್ತಿ ತೋರಿಸಿ ಇಬ್ಬರೂ ಆ ಹಣವನ್ನು ನಿರಾಕರಿಸಿದರು. ನ್ಯಾಯವಾದ ನಿರಾಕರಣೆಯೇ ಅದು.